ಹಡಗಿನ ಅಭ್ಯಂಜನ

ಕಾರಹುಣ್ಣಿಮೆಯ ದಿನ ತಡಸದ ಸುತ್ತಲಿನ ಹಳ್ಳಿಗಳಲ್ಲಿ ಎತ್ತಿನ ಹೆಗಲ ಮೇಲೆ ನೊಗವಿಡುವ ರೈತನಿಲ್ಲ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸುವುದು ವಾಡಿಕೆ. ಆ ದಿನವೇ ಬಂಡಿ ಕಟ್ಟಿಕೊಂಡು ಸಂತೆಗೆ ಹೋಗಬೇಕೆಂದು ಹಟ ಹಿಡಿಯುವವರೂ ಇಲ್ಲ. ದುಡಿಯುವ ಜೀವಕ್ಕೆ ಒಂದು ದಿನದ ಬಿಡುವು ಬೇಕೆಂಬುದನ್ನು ಎಲ್ಲರೂ ಒಪ್ಪಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ಆ ದಿನ ಯಾವುದೆಂಬುದು ವರ್ಷದ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಬಿಡುವು ಇರುವುದರಿಂದ ಯಾರಿಗೂ ತೊಂದರೆಯಿಲ್ಲ. ಬಿಡುವಿನ ದಿನ ಗೊತ್ತಿಲ್ಲದಿದ್ದರೆ ಮಾತ್ರ ತೊಂದರೆ.

ಈ ಸಣ್ಣ ಮಾತು ಸಾವಿರಾರು ಜನರನ್ನು ಹೊತ್ತು ಸಾಗುವ ವಿಹಾರದ ಹಡಗಿಗೂ ಅನ್ವಯಿಸುತ್ತದೆ.

ತಡಸದವರಿಗೆ ಹಡಗಿನ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಶಿಗ್ಗಾವಿ ತಾಲ್ಲೂಕಿನ ಈ ಊರು ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ಹೆದ್ದಾರಿಯ ಮೇಲಿದೆ. ಪಶ್ಚಿಮಕ್ಕೆ ತಿರುಗಿದರೆ ಮುಂಡಗೋಡದ ದಾರಿ. ಅದರಾಚೆ ಕಾಡು, ಕಾಡಿನಾಚೆ ಘಟ್ಟ, ಘಟ್ಟದ ಕೆಳಗೆ ಕಡಲು. ಇಲ್ಲಿಯ ಹಿರಿಯರಿಗೆ ಕಡಲೆಂದರೆ ಗೋಕರ್ಣದ ಯಾತ್ರೆಯಲ್ಲಿ ಒಮ್ಮೆ ಮಿಂದ ನೀರು, ಅಷ್ಟೆ. ಆದರೆ ಕಾಲ ಬದಲಾಗಿದೆ. ಮುಂಬಯಿಯಿಂದ ಗೋವೆಗೆ 2018ರ ಅಕ್ಟೋಬರಿನಲ್ಲಿ ‘ಆಂಗ್ರಿಯಾ’ ಎಂಬ ಹಡಗು ಸಂಚಾರ ತೊಡಗಿತು. 2021ರಲ್ಲಿ ‘ಎಂಪ್ರೆಸ್’ ಎಂಬ ದೊಡ್ಡ ವಿಹಾರನೌಕೆ ಮುಂಬಯಿಯನ್ನೇ ನೆಲೆಮಾಡಿಕೊಂಡು ಓಡಾಟ ಆರಂಭಿಸಿತು. ಅಂದಿನಿಂದ ಬಯಲುಸೀಮೆಯ ಮನೆಗಳಲ್ಲಿಯೂ ಮಗಳ ಮದುವೆಯಾದ ಮೇಲೆ, ನಿವೃತ್ತಿಯ ಹಣ ಕೈಸೇರಿದ ಮೇಲೆ, ‘ಒಮ್ಮೆ ಹಡಗಿನಲ್ಲಿ ಹೋಗಿ ಬರೋಣ’ ಎಂಬ ಮಾತು ಕೇಳಿಬರುತ್ತಿದೆ. ಹಡಗು ಏಕೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಅಂಥವರು ತಿಳಿದಿರುವುದು ಒಳ್ಳೆಯದು.

ಎಂಜಿನು ಕೆಟ್ಟಾಗ ಮಾತ್ರ ಹಡಗು ದುರಸ್ತಿಗೆ ಹೋಗುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ಅದು ನಿಜವಲ್ಲ. ಹಡಗಿನ ನಿಜವಾದ ಶತ್ರು ಅದನ್ನು ಹೊತ್ತ ಉಪ್ಪುನೀರೇ. ನೀರಿನಲ್ಲಿ ಮುಳುಗಿದ ಭಾಗಕ್ಕೆ ಪಾಚಿಯೂ ಚಿಪ್ಪಿನ ಜಾತಿಯ ಜೀವಿಗಳೂ ಅಂಟಿಕೊಳ್ಳುತ್ತವೆ. ದಿನ ಕಳೆದಂತೆ ತಳ ಒರಟಾಗಿ ವೇಗ ಕುಗ್ಗುತ್ತದೆ, ಎಣ್ಣೆಯ ಖರ್ಚು ಏರುತ್ತದೆ. ಬಣ್ಣ ಎದ್ದ ಕಡೆ ಉಕ್ಕಿಗೆ ತುಕ್ಕು ಹತ್ತುತ್ತದೆ. ಉಕ್ಕನ್ನು ಉಳಿಸುವುದಕ್ಕೆಂದು ತಳಕ್ಕೆ ಸತುವಿನ ತುಂಡುಗಳನ್ನು ಜೋಡಿಸಿರುತ್ತಾರೆ. ಉಕ್ಕಿಗೆ ಬದಲಾಗಿ ತಾವು ಸವೆಯುವುದೇ ಅವುಗಳ ಕೆಲಸ. ಅವು ಸವೆದು ಮುಗಿಯುವ ಮೊದಲು ಹೊಸ ತುಂಡು ಹಾಕಬೇಕು. ನೀರಿನೊಳಗೆ ತಿರುಗುವ ಪ್ರೊಪೆಲರ್, ದಿಕ್ಕು ತಿರುಗಿಸುವ ಚುಕ್ಕಾಣಿ, ಕಡಲನೀರನ್ನು ಒಳಕ್ಕೆಳೆಯುವ ಕವಾಟಗಳು ಇವನ್ನೆಲ್ಲ ನೀರಿನಿಂದ ಹೊರಗೆ ತೆಗೆದು ನೋಡದೆ ವಿಧಿಯಿಲ್ಲ.

ಅದಕ್ಕಾಗಿಯೇ ಡ್ರೈ ಡಾಕ್ ಇರುವುದು. ಅದು ಕಡಲ ಅಂಚಿನಲ್ಲಿ ಕಟ್ಟಿದ ಭಾರಿ ಕಲ್ಯಾಣಿಯಂಥದು. ಬಾಗಿಲು ತೆರೆದು ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರನ್ನು ಪಂಪಿನಿಂದ ಹೊರಗೆ ಚೆಲ್ಲುತ್ತಾರೆ. ನೀರು ಇಳಿದಂತೆ ಹಡಗೂ ಇಳಿದು, ಮೊದಲೇ ಅದರ ತಳದ ನಕ್ಷೆಗೆ ಸರಿಯಾಗಿ ಜೋಡಿಸಿಟ್ಟ ದಿಮ್ಮಿಗಳ ಮೇಲೆ ಕುಳಿತುಕೊಳ್ಳುತ್ತದೆ. ಆಗ ಕೆರೆದು, ತೊಳೆದು, ಬಣ್ಣ ಬಳಿಯುವ ಕೆಲಸ ಆರಂಭ. ಒಟ್ಟಿನಲ್ಲಿ ಹಡಗಿಗೆ ಅದು ಅಭ್ಯಂಜನ. ಅದೇ ಸಮಯದಲ್ಲಿ ಒಳಗೆ ಬಡಗಿಗಳು, ನಲ್ಲಿ ಕೆಲಸದವರು, ವಿದ್ಯುತ್ ಕೆಲಸದವರು ನೂರುಗಟ್ಟಲೆ ಜನ ಸೇರಿ ಹಾಸುಗಂಬಳಿ ಬದಲಿಸುವುದು, ಅಡಿಗೆಮನೆ ರಿಪೇರಿ ಮಾಡುವುದು ನಡೆದಿರುತ್ತದೆ. ದೊಡ್ಡ ಹಡಗಿಗೆ ಸಾಮಾನ್ಯವಾಗಿ ಇದು ಎರಡು ವಾರಗಳ ಕೆಲಸ. ಕೆಲವೊಮ್ಮೆ ತಿಂಗಳೂ ಹಿಡಿಯುತ್ತದೆ.

ಇದು ಮಾಲೀಕನ ಇಷ್ಟಕ್ಕೆ ಬಿಟ್ಟ ಕಾರ್ಯವಲ್ಲ. ‘ಟೈಟಾನಿಕ್’ ಮುಳುಗಿದ ಬಳಿಕ 1914ರಲ್ಲಿ ರಾಷ್ಟ್ರಗಳು ಕೂಡಿ ಕಡಲಿನಲ್ಲಿ ಜೀವರಕ್ಷಣೆಗೆಂದು ಒಂದು ಒಪ್ಪಂದ ಮಾಡಿಕೊಂಡವು. ಹಲವು ಸಲ ತಿದ್ದುಪಡಿಯಾದ ಆ ಒಪ್ಪಂದದ ಈಗಿನ ರೂಪ 1974ರದು. ಅದರಂತೆ ಪ್ರಯಾಣಿಕರ ಹಡಗಿನ ಸುರಕ್ಷತಾ ಪತ್ರಕ್ಕೆ ಒಂದೇ ವರ್ಷದ ಆಯುಷ್ಯ. ತಳದ ಪರೀಕ್ಷೆ ವರ್ಷವರ್ಷವೂ ಆಗಬೇಕು. ಐದು ವರ್ಷಗಳಲ್ಲಿ ಕನಿಷ್ಠ ಎರಡು ಸಲವಾದರೂ ಹಡಗನ್ನು ನೀರಿನಿಂದ ಹೊರತೆಗೆದೇ ನೋಡಬೇಕು.

ಹಾಗಾದರೆ ಬಸ್ಸಿಗೂ ರೈಲಿಗೂ ಇಂಥ ನಿಯಮವಿಲ್ಲವೇ? ಉಂಟು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಹತ್ತೊಂಬತ್ತನೆಯ ಶತಮಾನದಿಂದಲೂ ಗಾಡಿಗಳ ರಿಪೇರಿಗೆ ಹೆಸರಾದುದು. ಗೊತ್ತಾದ ಅವಧಿಗೊಮ್ಮೆ ಪ್ರತಿಯೊಂದು ಡಬ್ಬಿಯೂ ಕಾರ್ಖಾನೆಗೆ ಹೋಗಿ ಬರಲೇಬೇಕು. ಆದರೆ ಒಂದು ಡಬ್ಬಿ ಹೋದರೆ ಇನ್ನೊಂದನ್ನು ಜೋಡಿಸುತ್ತಾರೆ. ಪ್ರಯಾಣಿಕನಿಗೆ ಸುದ್ದಿಯೇ ತಿಳಿಯುವುದಿಲ್ಲ. ತಡಸದ ಕ್ರಾಸಿನಲ್ಲಿ ಬಸ್ಸು ಕೆಟ್ಟು ನಿಂತರೆ ಕಂಡಕ್ಟರನು ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಜನರನ್ನು ಹತ್ತಿಸಿ ಕಳುಹಿಸುತ್ತಾನೆ. ಹಡಗಿಗೆ ಅಂಥ ಬದಲಿ ಇಲ್ಲ. ಅದು ವಾಹನ ಮಾತ್ರವಲ್ಲ. ಅದೇ ವಸತಿಗೃಹ, ಅದೇ ಭೋಜನಶಾಲೆ, ಅದೇ ನೋಡಲು ಹೊರಟ ಊರು. ಅದೊಂದು ನಿಂತರೆ ಎಲ್ಲವೂ ನಿಂತಂತೆ.

ಇಲ್ಲಿಯೇ ತೊಡಕಿರುವುದು. ವಿಹಾರದ ಹಡಗಿನ ಟಿಕೇಟನ್ನು ವಿದೇಶಗಳಲ್ಲಿ ಒಂದೂವರೆ, ಎರಡು ವರ್ಷ ಮೊದಲೇ ಮಾರುತ್ತಾರೆ. ಅತಿ ದೊಡ್ಡ ಹಡಗುಗಳನ್ನು ಹಿಡಿಸಬಲ್ಲ ಡಾಕುಗಳೋ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅಲ್ಲಿಯ ಸರದಿಯನ್ನೂ ಬಹಳ ಮುಂಚಿತವಾಗಿ ಕಾದಿರಿಸಬೇಕು. ಜನ ಕಡಿಮೆಯಿರುವ ಕಾಲ ನೋಡಿ ಕಂಪೆನಿಗಳು ದಿನ ಗೊತ್ತುಮಾಡುತ್ತವೆ. ಆದರೆ ಡಾಕಿನ ಸರದಿ ಹಿಂದೆ ಮುಂದೆ ಆದರೆ, ಇಲ್ಲವೆ ಎಂಜಿನಿನಲ್ಲಿ ಅನಿರೀಕ್ಷಿತ ದೋಷ ಕಂಡರೆ, ಆಗಲೇ ಮಾರಿದ ಪ್ರಯಾಣವನ್ನು ರದ್ದುಮಾಡದೆ ಗತ್ಯಂತರವಿಲ್ಲ.

2019ರ ಏಪ್ರಿಲ್ 1ರಂದು ಬಹಾಮಾಸ್ ದ್ವೀಪಗಳ ಫ್ರೀಪೋರ್ಟಿನಲ್ಲಿ ‘ಓಯಸಿಸ್ ಆಫ್ ದಿ ಸೀಸ್’ ಎಂಬ ಮಹಾನೌಕೆ ಡಾಕಿನಲ್ಲಿದ್ದಾಗ ಕ್ರೇನೊಂದು ಅದರ ಮೇಲೆ ಕುಸಿಯಿತು. ಕೆಲವರಿಗೆ ಗಾಯಗಳಾದವು. ಹಡಗನ್ನು ಸ್ಪೇನಿನ ಕಾಡಿಜ್ ಬಂದರಕ್ಕೆ ಒಯ್ದು ರಿಪೇರಿ ಮಾಡಬೇಕಾಯಿತು. ಮೂರು ಪ್ರಯಾಣಗಳು ರದ್ದಾದವು. ಕಂಪೆನಿ ಪೂರ್ತಿ ಹಣವನ್ನು ಹಿಂದಿರುಗಿಸಿ, ಮುಂದಿನ ಪ್ರಯಾಣಕ್ಕೆ ಅಷ್ಟೇ ಮೊತ್ತದ ಪತ್ರವನ್ನೂ ಕೊಟ್ಟಿತು. ಡಾಕು ಹಾಳಾದುದರಿಂದ ತಮ್ಮ ಸರದಿಗಾಗಿ ಕಾದಿದ್ದ ಬೇರೆ ಹಡಗುಗಳ ಲೆಕ್ಕಾಚಾರವೂ ತಪ್ಪಿತು.

ರದ್ದು ಮಾಡಲು ಮನಸ್ಸಾಗದೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ‘ಕ್ವೀನ್ ಎಲಿಜಬೆತ್ 2’ ಹಡಗಿನ 1994ರ ಕಥೆ ಸಾಕ್ಷಿ. ಆ ವರ್ಷದ ಕೊನೆಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಅದರ ನವೀಕರಣ ನಡೆದಿತ್ತು. ಕೆಲಸ ಮುಗಿಯಲಿಲ್ಲ, ಕ್ರಿಸ್ಮಸ್ ಪ್ರಯಾಣದ ದಿನ ಮಾತ್ರ ಬಂದುಬಿಟ್ಟಿತು. ಕೋಣೆ ಸಿದ್ಧವಾಗದ ನೂರಾರು ಜನರಿಗೆ ಕೊನೆಗಳಿಗೆಯಲ್ಲಿ ಬರಬೇಡಿರೆಂದು ಹೇಳಬೇಕಾಯಿತು. ಹತ್ತಿದವರು ಕೆಲಸಗಾರರ ಸುತ್ತಿಗೆಯ ಸದ್ದಿನ ನಡುವೆ ಅಟ್ಲಾಂಟಿಕ್ ದಾಟಿದರು. ಕಂಪೆನಿ ಕೊನೆಗೆ ಪರಿಹಾರ ಕೊಟ್ಟು ಕೈಮುಗಿಯಬೇಕಾಯಿತು. ಗೃಹಪ್ರವೇಶದ ದಿನ ಗೊತ್ತುಮಾಡಿ, ಗಾರೆ ಒಣಗದ ಮನೆಗೆ ಬೀಗರನ್ನು ಕರೆದವರ ಪಾಡೇ ಇದು.

ಇನ್ನು ಕೆಲಸವನ್ನೇ ಮುಂದೂಡುತ್ತ ಹೋದರೆ? 2013ರ ಫೆಬ್ರವರಿ 10ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನು ಕೋಣೆಗೆ ಬೆಂಕಿ ಬಿದ್ದಿತು. ಎಣ್ಣೆಯ ಕೊಳವೆಯೊಂದು ಸೋರಿದ್ದೇ ಕಾರಣ. ಬೆಂಕಿ ಆರಿತು, ಪ್ರಾಣಹಾನಿ ಆಗಲಿಲ್ಲ. ಆದರೆ ವಿದ್ಯುತ್ತು ಹೋಯಿತು. ದೀಪವಿಲ್ಲ, ಗಾಳಿಯಿಲ್ಲ, ಶೌಚಗೃಹಗಳಿಗೆ ನೀರಿಲ್ಲ. ಹಡಗಿನಲ್ಲಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರಲ್ಲಿ ಹಲವರು ಡೆಕ್ಕಿನ ಮೇಲೆ ಹಾಸಿಗೆ ಹಾಸಿ ಮಲಗಿದರು. ಹಡಗನ್ನು ಎಳೆದುಕೊಂಡು ಅಮೆರಿಕೆಯ ಮೊಬೀಲ್ ಬಂದರಕ್ಕೆ ತಲುಪಿಸುವಾಗ 14ನೆಯ ತಾರೀಖಾಗಿತ್ತು. ಬೆಂಕಿ ಹೊತ್ತಿದ ಯಂತ್ರದ ನಿಗದಿತ ರಿಪೇರಿ ಅವಧಿ ಮೀರಿ ಬಾಕಿ ಉಳಿದಿದ್ದ ಸಂಗತಿ ಆಮೇಲೆ ನ್ಯಾಯಾಲಯಕ್ಕೆ ಬಂದ ಕಾಗದಪತ್ರಗಳಲ್ಲಿ ಕಾಣಿಸಿತು. ರದ್ದಾದ ಪ್ರಯಾಣ ಕಹಿಯೇ ಹೌದು. ರದ್ದಾಗಬೇಕಾಗಿದ್ದೂ ಆಗದ ಪ್ರಯಾಣ ಅದಕ್ಕಿಂತ ಕಹಿ.

ದೂರದ ಮಾತು ಸಾಕು. ಕನ್ನಡಿಗರಿಗೆ ಹತ್ತಿರದ ಒಂದು ಉದಾಹರಣೆ ಲಕ್ಷದ್ವೀಪದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ಉತ್ತರದ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅವುಗಳ ಆಡಳಿತ ಮಂಗಳೂರಿನಿಂದ ನಡೆಯುತ್ತಿತ್ತು. ಇಂದು ದ್ವೀಪಗಳ ಹಡಗುಗಳಿಗೆ ಕೊಚ್ಚಿಯೇ ಮುಖ್ಯ ನೆಲೆ. ಅವುಗಳಲ್ಲಿ ದೊಡ್ಡದು ‘ಕವರತ್ತಿ’. ವಿಶಾಖಪಟ್ಟಣದಲ್ಲಿ ಕಟ್ಟಿ 2008ರಲ್ಲಿ ಸೇವೆಗೆ ಬಂದ ಈ ಹಡಗಿನಲ್ಲಿ 700 ಜನ ಹೋಗಬಹುದು. ದ್ವೀಪವಾಸಿಗಳ ಜೊತೆಗೆ, ಐದು ದಿನಗಳ ‘ಸಮುದ್ರಂ’ ವಿಹಾರಕ್ಕೆ ಬಂದ ಪ್ರವಾಸಿಗಳನ್ನೂ ಅದು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಿಗೆ ಒಯ್ಯುತ್ತಿತ್ತು. 2021ರ ಡಿಸೆಂಬರ್ ಮೊದಲಲ್ಲಿ ಆರುನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದಾಗ ನಡುಗಡಲಿನಲ್ಲಿ ಅದರ ಎಂಜಿನು ಕೋಣೆಗೆ ಬೆಂಕಿ ಹತ್ತಿತು. ದೈವವಶಾತ್ ಎಲ್ಲರೂ ಉಳಿದರು. ಹಡಗು ರಿಪೇರಿಗೆ ಹೋಯಿತು. 2022ರಲ್ಲಿ ಇತರ ಹಡಗುಗಳೂ ಒಂದೇ ಕಾಲಕ್ಕೆ ದುರಸ್ತಿಯಲ್ಲಿದ್ದುದರಿಂದ ದ್ವೀಪದ ಜನ ಟಿಕೇಟು ಸಿಗದೆ ಪರದಾಡಿದರು.

ಹಡಗಿನ ಸರದಿಪಟ್ಟಿ ಬರಿಯ ಕಚೇರಿಯ ಕಾಗದವಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪ್ರವಾಸಿಗೆ ತಪ್ಪುವುದು ಒಂದು ರಜೆ. ದ್ವೀಪದ ತಾಯಿಗೆ ತಪ್ಪುವುದು ಕೊಚ್ಚಿಯ ಆಸ್ಪತ್ರೆಯ ದಿನ. ವಿದ್ಯಾರ್ಥಿಗೆ ತಪ್ಪುವುದು ಪರೀಕ್ಷೆ. ಎರಡು ಎತ್ತಿಗೂ ಒಂದೇ ದಿನ ಲಾಳ ಕಟ್ಟಿಸಲು ಹೋಗುವ ರೈತನಿಗೆ ಬಂಡಿ ಹೂಡಲು ಯಾವುದೂ ಉಳಿಯುವುದಿಲ್ಲ. ಹಡಗುಗಳನ್ನು ಒಂದಾದ ಮೇಲೊಂದರಂತೆ ಬಿಡುವಿಗೆ ಕಳುಹಿಸುವುದೇ ವ್ಯವಸ್ಥೆಯ ಜಾಣತನ. ಮುಂಬಯಿಯಿಂದ ಕೊಂಕಣದ ಬಂದರಗಳಿಗೆ ಓಡುತ್ತಿದ್ದ ಹಿಂದಿನ ಕಾಲದ ಉಗಿಹಡಗುಗಳಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಮುಂಗಾರು ಬಂದಿತೆಂದರೆ ಸಂಚಾರವೇ ಬಂದ್. ಮಳೆಗಾಲವೇ ಅವುಗಳ ಕಾರಹುಣ್ಣಿಮೆ.

ಈಗ ತಡಸದ ಒಬ್ಬ ನಿವೃತ್ತ ಮಾಸ್ತರರು ಪತ್ನಿಯೊಡನೆ ಇಂಥ ಪ್ರಯಾಣಕ್ಕೆ ಮನಸ್ಸು ಮಾಡಿದರೆಂದು ಇಟ್ಟುಕೊಳ್ಳೋಣ. ಹಡಗಿನ ಟಿಕೇಟು ಒಂದು ಕಡೆ, ಹುಬ್ಬಳ್ಳಿಯಿಂದ ರೈಲು ಇನ್ನೊಂದು ಕಡೆ, ಬಂದರದ ಊರಿನಲ್ಲಿ ಹೋಟೆಲು ಮತ್ತೊಂದು ಕಡೆ. ಹೊರಡಲು ಹತ್ತು ದಿನವಿದೆಯೆನ್ನುವಾಗ ಹಡಗು ದುರಸ್ತಿಗೆ ಹೋಗಿದೆಯೆಂಬ ಸುದ್ದಿ ಬರುತ್ತದೆ. ಹಡಗಿನ ಹಣ ಪೂರ್ತಿ ಹಿಂದಿರುಗುತ್ತದೆಂದು ಮಾಸ್ತರರು ಸಮಾಧಾನ ಹೇಳಿದರೆ ಪತ್ನಿ ಕೇಳುವುದು ಒಂದೇ ಪ್ರಶ್ನೆ: “ಹಡಗಿನ ರೊಕ್ಕ ಬರತೈತಿ, ಖರೇರಿ. ರೈಲಿನ ರೊಕ್ಕ, ಹೋಟೆಲಿನ ರೊಕ್ಕ ಯಾರು ಕೊಡ್ತಾರ?”

ಆ ಗೃಹಿಣಿಯ ಪ್ರಶ್ನೆಯಲ್ಲಿ ವಿಷಯದ ತಿರುಳೆಲ್ಲ ಇದೆ. ಕಂಪೆನಿಯ ಹೊಣೆ ಸಾಮಾನ್ಯವಾಗಿ ತಾನು ಮಾರಿದ ಟಿಕೇಟಿನವರೆಗೆ ಮಾತ್ರ. ಬೇರೆಯಾಗಿ ಕೊಂಡುದು ಕೊಂಡವನ ಜವಾಬ್ದಾರಿ. ದಿನವನ್ನಾಗಲಿ ಮಾರ್ಗವನ್ನಾಗಲಿ ಬದಲಿಸುವ ಹಕ್ಕನ್ನು ಕಂಪೆನಿ ಟಿಕೇಟಿನ ಷರತ್ತುಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಕಾದಿರಿಸಿಕೊಂಡಿರುತ್ತದೆ. ಕನ್ನಡಕ ಹಾಕಿಕೊಂಡಾದರೂ ಅದನ್ನು ಓದುವುದು ಲೇಸು.

ಎಚ್ಚರದ ಕ್ರಮಗಳು ಕಷ್ಟದವೇನಲ್ಲ. ಹಡಗು ಕಳೆದ ಸಲ ಡ್ರೈ ಡಾಕಿಗೆ ಹೋದುದು ಯಾವಾಗ, ಮುಂದಿನ ಸರದಿ ಯಾವಾಗ ಎಂದು ಟಿಕೇಟು ಕೊಳ್ಳುವ ಮೊದಲೇ ಏಜೆಂಟರನ್ನು ಕೇಳಬೇಕು. ಡಾಕಿನಿಂದ ಹೊರಬಂದ ಹಡಗಿನ ಮೊದಲನೆಯ ಪ್ರಯಾಣವನ್ನು ಬಿಟ್ಟು ಎರಡನೆಯದನ್ನೋ ಮೂರನೆಯದನ್ನೋ ಹಿಡಿಯುವುದು ಜಾಣತನ; ಷಷ್ಟ್ಯಬ್ದಿಯಂಥ ತಿರುಗಿ ಬಾರದ ದಿನವನ್ನಂತೂ ಅದಕ್ಕೆ ಕಟ್ಟಿಹಾಕಬಾರದು. ರೈಲಿನ ಮುಂಗಡ ಟಿಕೇಟು 2024ರ ನವೆಂಬರಿನಿಂದ 60 ದಿನ ಮೊದಲು ಮಾತ್ರ ಸಿಗುತ್ತದೆ. ಆ ದಿನ ಹಡಗಿನವರಿಂದ ಇನ್ನೊಮ್ಮೆ ಖಾತರಿ ಮಾಡಿಕೊಂಡೇ ರೈಲಿನ ಟಿಕೇಟು ತೆಗೆಯಬೇಕು. ಹೋಟೆಲನ್ನು, ರದ್ದುಮಾಡಿದರೆ ಹಣ ಹಿಂದಿರುಗಿಸುವ ಕಡೆ ಗೊತ್ತುಮಾಡಬೇಕು. ಹಡಗು ಹೊರಡುವ ದಿನವೇ ಬಂದರ ತಲುಪುವಂತೆ ಹೊರಡದೆ ಒಂದು ದಿನ ಮೊದಲೇ ತಲುಪಬೇಕು. ಪ್ರವಾಸದ ವಿಮೆ ಮಾಡಿಸುವುದಾದರೆ, ಹಡಗೇ ಪ್ರಯಾಣ ರದ್ದುಮಾಡಿದಾಗ ರೈಲು ಹೋಟೆಲುಗಳ ನಷ್ಟ ತುಂಬಿಕೊಡುತ್ತಾರೆಯೇ ಎಂದು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ತಿಳಿದುಕೊಳ್ಳಬೇಕು. ಲಕ್ಷದ್ವೀಪಕ್ಕಾದರೆ ಪ್ರವೇಶದ ಪರವಾನಗಿಯೂ ಬೇಕು; ಪ್ರಯಾಣದ ದಿನ ಬದಲಾದರೆ ಅದನ್ನೂ ವಿಚಾರಿಸಬೇಕಾಗುತ್ತದೆ.

ಕಂಪೆನಿಗಳಿಗೂ ಒಂದು ಧರ್ಮವಿದೆ. ಹಡಗಿಗೆ ಬಿಡುವು ಕೊಡುವುದು ತಪ್ಪಲ್ಲ, ಕೊಡದಿರುವುದೇ ತಪ್ಪು. ಆದರೆ ಬಿಡುವಿನ ದಿನವನ್ನು ತಾನು ತಿಳಿದ ಕೂಡಲೆ ಪ್ರಯಾಣಿಕನಿಗೆ ತಿಳಿಸದಿರುವುದು ಅನ್ಯಾಯ. ತಿಂಗಳ ಮೊದಲು ಬಂದ ಸುದ್ದಿಯಿಂದ ಮಾಸ್ತರರಿಗೆ ಆಗುವ ನಷ್ಟ ಸ್ವಲ್ಪ. ಹೊರಡುವ ಹಿಂದಿನ ದಿನ ಬಂದರೆ ಅದು ವರ್ಷಗಳ ಉಳಿತಾಯಕ್ಕೆ ಬಿದ್ದ ಕತ್ತರಿ. ಸುದ್ದಿ ತಿಳಿಸಲು ಕಂಪೆನಿಗೆ ತಗಲುವ ಖರ್ಚಾದರೋ ಒಂದು ಪತ್ರದಷ್ಟು.

ಪ್ರಯಾಣಿಕನೂ ಒಂದು ಮಾತು ನೆನಪಿಡಬೇಕು. ನಿಂತ ಹಡಗನ್ನು ಶಪಿಸುವುದು ಸುಲಭ. ಆದರೆ ಡಾಕಿನಲ್ಲಿ ನಿಂತ ಹಡಗಿನಿಂದ ಹಾಳಾಗುವುದು ಒಂದು ರಜೆ. ನಡುಗಡಲಿನಲ್ಲಿ ನಿಂತ ಹಡಗಿನಲ್ಲಿ ಪಣಕ್ಕೆ ಬೀಳುವುದು ಪ್ರಾಣ. ಮಾಸ್ತರ ದಂಪತಿಗಳು ಮುಂದಿನ ವರ್ಷ ಹೋದರೂ ಕಡಲು ಅಲ್ಲಿಯೇ ಇರುತ್ತದೆ.