ಮನೆಯ ಮಾತು: ಕಂಬಳಿಯ ಋಣ

ಮುಂಬಯಿಯ ಸೆಕೆಯಲ್ಲಿರುವವರಿಗೆ ಉಣ್ಣೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ದಹಿಸರದವರು ಮಾತ್ರ ಹಾಗೆ ಕೇಳಲಾರರು. ರಾಷ್ಟ್ರೀಯ ಉದ್ಯಾನದ ಕಾಡು ನಮ್ಮ ಬೆನ್ನಿಗೇ ಇರುವುದರಿಂದ ಜನವರಿಯ ನಸುಕಿನಲ್ಲಿ ಇಲ್ಲಿ ತುಸು ಚಳಿ ಬೀಳುತ್ತದೆ. ಆಗ ಪೆಟ್ಟಿಗೆಯ ತಳದಿಂದ ಊರಿನ ಕಂಬಳಿ ಹೊರಗೆ ಬರುತ್ತದೆ. ನಮ್ಮ ಮನೆಯ ಕರಿಯ ಕಂಬಳಿ ಅತ್ತೆಯವರು ಊರು ಬಿಟ್ಟು ಬರುವಾಗ ಹಾಸಿಗೆಯ ಸುರುಳಿಯಲ್ಲಿ ಕಟ್ಟಿ ತಂದುದು. ಊರಿನಲ್ಲಿ ಅದು ಮಳೆಗೆ ಕೊಪ್ಪೆ, ರಾತ್ರಿಗೆ ಹೊದಿಕೆ, ನೆಂಟರು ಬಂದರೆ ಹಾಸು.

ಕಳೆದ ಚಳಿಗಾಲದಲ್ಲಿ ನಾವು ಸಂಘದ ಸೋದರಿಯರಿಗೆ ಉಣ್ಣೆಯ ನೂಲಿಗೆ ಚೆಂಡುಹೂವಿನ ಬಣ್ಣ ಕಟ್ಟುವುದನ್ನು ತೋರಿಸುತ್ತಿದ್ದೆವು. ಬಣ್ಣ ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, “ಚಿಕ್ಕಮ್ಮ, ಬಣ್ಣವೇನೋ ಗಿಡದ್ದು. ನೂಲು ಕುರಿಯದಲ್ಲವೇ? ಅದಕ್ಕೆ ನೋವಾಗಿರಲಿಲ್ಲವೇ?” ಎಂದಳು. “ಕೂದಲು ಕತ್ತರಿಸಿದರೆ ನೋವೇನಮ್ಮ?” ಎಂದು ನಾವು ನಕ್ಕು ತೇಲಿಸಿಬಿಟ್ಟೆವು. ಅವಳು ನಗಲಿಲ್ಲ. ಮನೆಗೆ ಬಂದ ಮೇಲೆ ನಮಗೇ ನಾಚಿಕೆಯಾಯಿತು. ಆ ನೂಲು ಯಾವ ದೇಶದ, ಯಾವ ಕುರಿಯದೆಂದು ನಮಗೂ ತಿಳಿದಿರಲಿಲ್ಲ, ಮಾರಿದ ಅಂಗಡಿಯವನಿಗೂ ತಿಳಿದಿರಲಿಲ್ಲ. ಅಂದು ಕೊಡದ ಉತ್ತರವನ್ನು ಇಂದು ಇಲ್ಲಿ ಕೊಡುತ್ತಿದ್ದೇವೆ.

ಅವಳ ಪ್ರಶ್ನೆಯಲ್ಲಿ ಹುರುಳಿದೆ. ನುಣುಪಾದ ಉಣ್ಣೆಗೆ ಹೆಸರಾದುದು ಮೆರಿನೋ ಕುರಿ. ಹೆಚ್ಚು ಉಣ್ಣೆ ಬರಲೆಂದು ಅದರ ಮೈತುಂಬ ಮಡಿಕೆ ಬರುವಂತೆ ತಳಿ ಬೆಳೆಸಿದರು. ಬಾಲದ ಬಳಿಯ ಮಡಿಕೆಗಳು ಒದ್ದೆಯಾಗಿ ಕೊಳೆಯಾದಾಗ ನೊಣ ಮೊಟ್ಟೆಯಿಟ್ಟು, ಹುಳು ಜೀವಂತ ಮಾಂಸವನ್ನೇ ತಿನ್ನುತ್ತದೆ. ಅದನ್ನು ತಡೆಯಲು ಆಸ್ಟ್ರೇಲಿಯದಲ್ಲಿ ಮರಿಗಳ ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವ ರೂಢಿ ಬೆಳೆಯಿತು. ಬಹುಕಾಲ ಇದನ್ನು ನೋವಿನ ಮದ್ದು ಸಹ ಇಲ್ಲದೆ ಮಾಡುತ್ತಿದ್ದರು. ನ್ಯೂಜಿಲೆಂಡ್ 2018ರಲ್ಲಿ ಇದನ್ನು ನಿಷೇಧಿಸಿತು. ಆಸ್ಟ್ರೇಲಿಯದಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಆದುದರಿಂದ “ಕೂದಲು ಕತ್ತರಿಸಿದಂತೆ” ಎಂಬ ನಮ್ಮ ಮಾತು ಎಲ್ಲ ಉಣ್ಣೆಗೂ ಸಲ್ಲದು.

ಇನ್ನು ಅತ್ತೆಯವರ ಕಂಬಳಿಯ ಸಂಗತಿ. ಅದು ದಖ್ಖನಿ ಕುರಿಯ ಉಣ್ಣೆ. ಬಯಲುಸೀಮೆಯ ಕುರುಬರು ಸಾಕುವ ಈ ಕುರಿಗೆ ಮೆರಿನೋದಂಥ ಮಡಿಕೆಯಿಲ್ಲ, ಚರ್ಮ ಕತ್ತರಿಸುವ ಮಾತೂ ಇಲ್ಲ. ವರ್ಷಕ್ಕೆ ಎರಡು ಸಲ ಕೈಕತ್ತರಿಯಿಂದ ಉಣ್ಣೆ ತೆಗೆಯುತ್ತಾರೆ. ಹೆಂಗಸರು ನೂಲುತ್ತಾರೆ, ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಂಬಳಿ ನಾಡಿಗೆಲ್ಲ ಹೆಸರಾದುದು. ಆ ಕರಿಯ ಬಣ್ಣವನ್ನು ಯಾರೂ ಕಟ್ಟಿದ್ದಲ್ಲ. ಕುರಿಯ ಮೈಯ ಬಣ್ಣವೇ ಅದು.

ಆದರೆ ಒಂದನ್ನು ಮುಚ್ಚಿಡಬಾರದು. ದಖ್ಖನಿ ಕುರಿಯನ್ನು ಸಾಕುವುದು ಮುಖ್ಯವಾಗಿ ಮಾಂಸಕ್ಕಾಗಿ. ಕುರಿಗಾರನಿಗೆ ಉಣ್ಣೆಯಿಂದ ಬರುವುದು ಅಲ್ಪ. ಎಷ್ಟೋ ಕಡೆ ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುತ್ತಾರೆ. ಉಣ್ಣೆಯೇ ಬಾರದ ಕೆಂಪು ಕುರಿಯ ಕಡೆಗೆ ಹಲವರು ತಿರುಗಿದ್ದಾರೆ. ಎಸೆಯುವ ಉಣ್ಣೆಯನ್ನು ಕೊಂಡರೆ ಕುರಿಗೆ ಹೊಸ ನೋವಿಲ್ಲ, ನೇಯುವ ಕೈಗೆ ನಾಲ್ಕು ಕಾಸು ಉಂಟು ಎಂಬುದು ನಮ್ಮ ತಿಳಿವಳಿಕೆ. ಕೊಲ್ಲುವ ಪ್ರಾಣಿಯಿಂದ ಏನೂ ಬೇಡವೆನ್ನುವವರ ಮನಸ್ಸನ್ನೂ ನಾವು ಗೌರವಿಸುತ್ತೇವೆ.

ಹಾಗಾದರೆ ಉಣ್ಣೆ ಬಿಟ್ಟು ಅಕ್ರಿಲಿಕ್ ಕೊಂಡರೆ ಮುಗಿಯಿತೇ? ಅಂಗಡಿಯಲ್ಲಿ “ಉಲನ್” ಎಂದು ಕೊಡುವ ನೂಲು ಬಹಳ ಸಲ ಅದೇ. ಅದು ಕಲ್ಲೆಣ್ಣೆಯಿಂದ ಆದದ್ದು. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರಿ ಕೊನೆಗೆ ಸಮುದ್ರವನ್ನು ಮುಟ್ಟುತ್ತವೆ. ಅಲ್ಲಿಯ ಮೀನಿಗೂ ಜೀವವುಂಟು.

ಇಷ್ಟು ತಿಳಿದ ಮೇಲೆ ಬಣ್ಣ ಕಟ್ಟಬಯಸುವ ಸೋದರಿಯರಿಗೆ ನಾಲ್ಕು ಮಾತು. ಮೊದಲು ನೂಲಿನ ಒಂದು ಎಳೆಯನ್ನು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ಅಕ್ರಿಲಿಕ್, ಅದಕ್ಕೆ ಈ ಬಣ್ಣ ಹಿಡಿಯದು. ಬಿಳಿಯ ನೂಲೇ ಬೇಕು. 100 ಗ್ರಾಂ ನೂಲನ್ನು ಅಂಟುವಾಳದ ನೀರಿನಲ್ಲಿ ತೊಳೆದು, 10 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಒಂದು ಗಂಟೆ ಇಡಿ. ಇಲ್ಲಿಯ ಅಂಗಡಿಯಲ್ಲಿ ಪಟಿಕವನ್ನು “ತುರಟಿ” ಎಂದು ಕೇಳಬೇಕು. ದಸರೆಯ ತೋರಣದಿಂದ ಒಣಗಿಸಿಟ್ಟ ಚೆಂಡುಹೂವಿನ ಎಸಳು ನೂಲಿನಷ್ಟೇ ತೂಕ ಸಾಕು. ಕುದಿಸಿ, ಸೋಸಿ, ಆ ನೀರಿನಲ್ಲಿ ನೂಲನ್ನು ಮತ್ತೊಂದು ಗಂಟೆ ಇಟ್ಟರೆ ಹೊಂಬಣ್ಣ. ಈರುಳ್ಳಿ ಸಿಪ್ಪೆಯಾದರೆ ಕಿತ್ತಳೆ ಬೆರೆತ ಕಂದು, ದಾಳಿಂಬೆ ಸಿಪ್ಪೆಯಾದರೆ ಮಾಸಲು ಹಳದಿ. ನೂಲನ್ನು ಕೊತಕೊತ ಕುದಿಸಬೇಡಿ, ಉಜ್ಜಬೇಡಿ, ಬಿಸಿಯಿಂದ ತಟ್ಟನೆ ತಣ್ಣೀರಿಗೆ ಹಾಕಬೇಡಿ. ಎಳೆಗಳು ಹೆಣೆದುಕೊಂಡು ಮುದ್ದೆಯಾಗುತ್ತವೆ. ಅದೇ ಪಾತ್ರೆಯಲ್ಲಿ ತಾನಾಗಿ ಆರಲಿ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

“ಗಿಡದ ಬಣ್ಣ” ಎಂಬ ಚೀಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅರಗಿನ ಕೆಂಪು ಗಿಡದ್ದಲ್ಲ, ಕೊಂಬೆಗೆ ಅಂಟಿ ಬದುಕುವ ಕೀಟದ್ದು. ಬಣ್ಣ ಗಾಢವಾಗಲೆಂದು ಕೆಲವರು ಬಳಸುವ ಕ್ರೋಮ್ ಉಪ್ಪು ವಿಷ, ಮೈಲುತುತ್ತವೂ ಒಳ್ಳೆಯದಲ್ಲ. ಇವನ್ನು ಮನೆಗೆ ತರಲೇಬಾರದು. ಕಾಡಿನಲ್ಲಿ ತಿಳಿಯಾಗಿ ಹುಟ್ಟುವ ನಮ್ಮ ದಹಿಸರ ನದಿ ಮನೆಗಳ ನಡುವೆ ಬರುವಷ್ಟರಲ್ಲಿ ಏನಾಗಿದೆಯೆಂದು ಸೇತುವೆ ದಾಟುವಾಗಲೆಲ್ಲ ನೋಡುತ್ತೇವೆ. ಅದಕ್ಕೆ ನಮ್ಮದೂ ಒಂದು ಪಾತ್ರೆ ವಿಷ ಸೇರುವುದು ಬೇಡ.

ಮೊನ್ನೆ ಆ ಹುಡುಗಿ ಮನೆಗೆ ಬಂದಿದ್ದಳು. ಇದನ್ನೆಲ್ಲ ಹೇಳಿ, ಅಂದು ನಕ್ಕುದು ತಪ್ಪಾಯಿತೆಂದೂ ಹೇಳಿದೆವು. “ನಾನಂತೂ ಹೊಸ ಉಣ್ಣೆ ಕೊಳ್ಳುವುದಿಲ್ಲ, ಚಿಕ್ಕಮ್ಮ” ಎಂದಳು. ಒತ್ತಾಯಿಸಲಿಲ್ಲ. ಹೊರಡುವ ಮುನ್ನ ಅತ್ತೆಯವರ ಕಂಬಳಿಯನ್ನು ಮುಟ್ಟಿ ನೋಡಿ, “ಒಂದು ಕಡೆ ಹರಿದಿದೆಯಲ್ಲ, ನಾನು ಹೊಲಿದುಕೊಡಲೇ?” ಎಂದು ಕೇಳಿದಳು. ಇಬ್ಬರೂ ಕೂತು ಹೊಲಿದೆವು.

ನಿಮ್ಮ ಪೆಟ್ಟಿಗೆಯಲ್ಲೂ ಊರಿನ ಕಂಬಳಿ ಇದ್ದೀತು. ಬಿಸಿಲಿಗೆ ಹಾಕಿ, ನುಸಿ ಹಿಡಿಯದಂತೆ ಒಣ ಬೇವಿನೆಲೆ ಇಟ್ಟು ಕಾಪಾಡಿ. ಹೊಸದು ಕೊಳ್ಳುವಾಗ ಬಣ್ಣ ಯಾವುದೆಂದು ಕೇಳುವ ಮೊದಲು ಉಣ್ಣೆ ಯಾವ ಕುರಿಯದು, ನೇಯ್ದವರು ಯಾರು ಎಂದು ಕೇಳಿರಿ. ಉತ್ತರ ಸಿಕ್ಕದಿದ್ದರೆ ಹಳೆಯದನ್ನೇ ಹೊಲಿದು ಹೊದೆಯಿರಿ.