ಹೆಸರು ಮರೆತರೂ ಹಾಡು ಮರೆಯದು

ಕೃಷ್ಣರಾಜಪೇಟೆ ತಾಲ್ಲೂಕಿನ ಭಕ್ತರೊಬ್ಬರ ಮನೆಯಲ್ಲಿ ನಾವು ಕಂಡ ಸಂಗತಿಯಿದು. ಆ ಮನೆಯ ಹಿರಿಯ ತಾಯಿಗೆ ಎಂಬತ್ತು ದಾಟಿದೆ. ಮರೆವು ಆವರಿಸಿ ಎರಡು ವರ್ಷಗಳಾಗಿವೆ. ಅನ್ನ ಬಡಿಸಿದ ಮಗಳನ್ನೇ ‘ನೀನು ಯಾರವ್ವ?’ ಎಂದು ಕೇಳಿದರು. ಮಗಳು ಉತ್ತರ ಹೇಳದೆ, ರಾಗಿ ಬೀಸುವ ಪದವೊಂದನ್ನು ಮೆಲ್ಲನೆ ಎತ್ತಿಕೊಂಡರು. ಮೂರನೆಯ ಸಾಲಿಗೆ ತಾಯಿಯ ದನಿಯೂ ಸೇರಿತು. ಪದ ಮುಗಿದ ಮೇಲೆ ಆ ತಾಯಿ ನಾಗಮಂಗಲ ಸೀಮೆಯ ತವರಿನ ನಡುಮನೆ, ಅಲ್ಲಿದ್ದ ಬೀಸುವ ಕಲ್ಲು, ಎದುರು ಕುಳಿತು ಗೂಟ ಹಿಡಿಯುತ್ತಿದ್ದ ಅತ್ತಿಗೆ ಎಲ್ಲವನ್ನೂ ಹೇಳಿದರು. ಮಗಳ ಹೆಸರು ಆಗಲೂ ನೆನಪಾಗಲಿಲ್ಲ. ಆದರೆ ಹಿಡಿದ ಅವರ ಕೈಯನ್ನು ಬಿಡಲಿಲ್ಲ.

ಇದಕ್ಕೆ ದೇಹಧರ್ಮದಲ್ಲಿಯೇ ಕಾರಣವಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೆಟ್ರ್ ಜನಾಟ ಅವರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಿತ ಹಾಡು ಮತ್ತು ಬದುಕಿನ ನೆನಪು ಇವೆರಡೂ ಹಣೆಯ ಹಿಂದಿರುವ ಮಿದುಳಿನ ಮುಂಭಾಗದಲ್ಲಿ ಕೂಡಿಕೊಳ್ಳುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಆ ಭಾಗ ಬೇರೆ ಕೆಲವು ಭಾಗಗಳಿಗಿಂತ ತಡವಾಗಿ ಸವೆಯುತ್ತದೆ. ಅದರಲ್ಲೂ ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕೇಳಿದ ಹಾಡುಗಳು ಆಳವಾಗಿ ನಿಲ್ಲುತ್ತವೆ. ಮದುವೆ, ಹೆರಿಗೆ, ಮೊದಲ ಬೇಸಾಯ ಎಲ್ಲವೂ ಆ ಕಾಲದವೇ ಅಲ್ಲವೇ?

ನಮ್ಮ ಸೀಮೆ ಹಾಡಿನ ವಿಷಯದಲ್ಲಿ ಬಡವಾದುದಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದಿತು; ಅಂದಿನಿಂದ ಎಷ್ಟೋ ದಂಪತಿಗಳಿಗೆ ಅದರ ಗೀತೆಗಳೇ ತಮ್ಮ ಮದುವೆಯ ಮೊದಲ ವರ್ಷಗಳ ನೆನಪಾದವು. ಅದೇ 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಜನಿಸಿದ ಎಚ್.ಎಲ್. ನಾಗೇಗೌಡರು ಜನಪದ ಗೀತೆಗಳ ಸಂಗ್ರಹಕ್ಕೆ ಬದುಕನ್ನು ಮುಡಿಪಿಟ್ಟು, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಇವುಗಳ ಜೊತೆಗೆ ಕಂಸಾಳೆಯವರ ಮಾದಪ್ಪನ ಪದ, ಸೋಬಾನೆ, ಮಠದ ವಚನಗಾಯನ. ಹಾಡು ಒಂದೇ ಆದರೂ ಅದು ತರುವ ನೆನಪು ಒಂದೇ ಅಲ್ಲ. ಶ್ರೀರಂಗಪಟ್ಟಣದ ಕಾವೇರಿ ದಂಡೆಯವರಿಗೆ ಮಾದಪ್ಪನ ಪದ ಹೊಳೆಯ ಸೋಪಾನವನ್ನು ತಂದರೆ, ಪಾಂಡವಪುರದ ಕಬ್ಬಿನ ಗದ್ದೆಗಳ ನಡುವೆ ಬೆಳೆದವರಿಗೆ ಎತ್ತಿನ ಗಾಡಿಯ ಹಾದಿಯನ್ನು ತರಬಹುದು.

ಆದುದರಿಂದಲೇ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಹಿರಿಯರ ಮುಂದೆ ದಿನವಿಡೀ ಟಿ.ವಿ. ಹಚ್ಚಿಟ್ಟು ‘ಹೊತ್ತು ಹೋಗುತ್ತದೆ’ ಎನ್ನುವುದು ಸೇವೆಯಲ್ಲ. ಅವರ ಹಾಡು ಯಾವುದೆಂದು ತಿಳಿಯುವುದು ಸೇವೆ. ಅದು ವಚನವೇ ಆಗಬೇಕೆಂಬ ಹಠವೂ ಬೇಡ. ಅಜ್ಜನ ಪ್ರಾಯದ ದಿನಗಳು ಟೂರಿಂಗ್ ಟಾಕೀಸಿನ ಚಿತ್ರಗೀತೆಯಲ್ಲಿದ್ದರೆ, ಅದನ್ನು ಕೇಳಿಸುವುದರಿಂದ ಭಕ್ತಿಗೆ ಕುಂದಿಲ್ಲ. ದಾಸೋಹವೆಂದರೆ ಹಸಿದವರಿಗೆ ಬೇಕಾದುದನ್ನು ಬಡಿಸುವುದಲ್ಲವೇ?

ಕೇಳಿಸುವುದಕ್ಕೂ ಕ್ರಮವಿದೆ. ಸಂಜೆ ಹೊತ್ತು ಚಡಪಡಿಕೆ ಹೆಚ್ಚುವವರಿಗೆ ಅದಕ್ಕೆ ಸ್ವಲ್ಪ ಮುಂಚೆಯೇ ಹಾಡು ಆರಂಭಿಸಬೇಕು. ದನಿ ಮೆಲುವಾಗಿರಲಿ, ಹತ್ತಿಪ್ಪತ್ತು ನಿಮಿಷ ಸಾಕು. ಮೊಬೈಲಿಗಿಂತ ಮಕ್ಕಳ ಕಂಠ ಮೇಲು. ‘ಇದು ಯಾವ ಹಾಡು, ಹೇಳಿ ನೋಡೋಣ’ ಎಂದು ಪರೀಕ್ಷಿಸಬಾರದು. ಸೋತ ನೋವು ಅವರಿಗೂ ಆಗುತ್ತದೆ. ಕೆಲವು ಹಾಡು ಅಗಲಿದವರನ್ನು ನೆನಪಿಸಿ ಅಳಿಸುತ್ತದೆ. ಹಗುರಾಗುವ ಅಳುವಾದರೆ ಪಕ್ಕದಲ್ಲಿ ಕುಳಿತಿರಿ. ಸಂಕಟ ಹೆಚ್ಚಿದರೆ ನಿಲ್ಲಿಸಿರಿ. ಕಿವಿ ಮಂದವಾಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಹಾಡು ಈ ಕಾಯಿಲೆಯನ್ನು ಗುಣಪಡಿಸದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ‘ವಯಸ್ಸಾಯಿತು, ಅರಳುಮರುಳು’ ಎಂದು ಸುಮ್ಮನಿರುವುದು ತಪ್ಪು. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನೋಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಮದ್ದಿದೆ. ಮೊದಲು ವೈದ್ಯರನ್ನು ಕಾಣಬೇಕು. ಆರೈಕೆ ಮಾಡುವವರ ಮನಸ್ಸು ದಣಿದಾಗ 14416 ಸಂಖ್ಯೆಯ ಟೆಲಿ-ಮಾನಸ್‌ಗೆ ಕರೆ ಮಾಡಬಹುದು.

ಕಡೆಯದಾಗಿ ಒಂದು ವಿನಂತಿ. ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು, ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಗರಿಗಳ ಕಟ್ಟು ಬಿಚ್ಚಿಸಿ ವಚನಗಳನ್ನು ಉಳಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಬೆಳಕು ಕಂಡಿತು. ಇಂದು ನಮ್ಮ ಮನೆಗಳ ಹಿರಿಯರೇ ಬಿಚ್ಚದ ಕಟ್ಟುಗಳು. ಅವರ ನೆನಪು ಗಟ್ಟಿಯಾಗಿರುವಾಗಲೇ ಬಳಿ ಕುಳಿತು ಕೇಳಿರಿ: ಯಾವ ಹಾಡು, ಯಾರಿಂದ ಕಲಿತದ್ದು, ಎಲ್ಲಿ ಹಾಡಿದ್ದು. ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ; ಅವರ ದನಿಯನ್ನು ಮುದ್ರಿಸಿಕೊಳ್ಳಿರಿ. ಮುಂದೊಂದು ದಿನ ಅವರು ‘ನೀನು ಯಾರು?’ ಎಂದು ಕೇಳಿದಾಗ, ಉತ್ತರವಾಗಿ ಹಾಡಲು ನಿಮ್ಮ ಬಳಿ ಒಂದು ಪದವಾದರೂ ಇರುತ್ತದೆ.