ಅರ್ಜಿ ವಿಲೇವಾರಿಯಾಯಿತು, ಸ್ಪೇಸರ್ ಬರಲಿಲ್ಲ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಿಮ್ಮನ್ನು ಮುಖತಃ ಕಂಡು ಹೇಳಿದ್ದಾಯಿತು, ಅರ್ಜಿ ಕೊಟ್ಟದ್ದಾಯಿತು, ಕಚೇರಿಯ ಗುಮಾಸ್ತರಿಂದ ನೆನಪು ಮಾಡಿಸಿದ್ದೂ ಆಯಿತು. ಕಳೆದ ವಾರ ಮೊಬೈಲಿಗೆ ಬಂದ ಮೆಸೇಜ್ ನೋಡಿದ ಮೇಲೆ, ಇನ್ನು ನಾಲ್ಕು ಜನರೆದುರೇ ಕೇಳಬೇಕು ಎಂದು ಈ ಪತ್ರ ಬರೆಯುತ್ತಿದ್ದೇನೆ. ‘ತಮ್ಮ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ’ ಎಂದಿತ್ತು ಅದರಲ್ಲಿ. ನಾನು ಕೇಳಿದ್ದು ಸಣ್ಣ ಮಕ್ಕಳ ಮಾಸ್ಕ್ ಇರುವ ಸ್ಪೇಸರ್. ನಮ್ಮ ತಾಲೂಕು ಆಸ್ಪತ್ರೆಗೆ ಅದು ಇವತ್ತಿಗೂ ಬಂದಿಲ್ಲ.

ನನ್ನ ಮಗಳ ವಿಷಯ ನಿಮಗೆ ಗೊತ್ತಿದೆ. ನಾಲ್ಕು ವರ್ಷ. ಡೌನ್ ಸಿಂಡ್ರೋಮ್. ಹೃದಯದ ತೂತನ್ನು ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಮುಚ್ಚಿದ್ದಾರೆ, ಸಣ್ಣ ಲೀಕ್ ಉಳಿದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ. ಇದೆಲ್ಲದರ ಮೇಲೆ ಉಬ್ಬಸ. ಜನಸಂಪರ್ಕ ಸಭೆಯಲ್ಲಿ ಅವಳನ್ನು ಕಂಕುಳಲ್ಲಿ ಹೊತ್ತು ನಿಮ್ಮ ಮೇಜಿನ ಮುಂದೆ ನಿಂತಿದ್ದೆ. ಫೈಲು ತಿರುವಿ ಹಾಕಿ, ಮೈಕು ಹತ್ತಿರ ಎಳೆದುಕೊಂಡು, ‘ಒಂದು ವಾರದಾಗ ನಿಮ್ಮ ದವಾಖಾನಿಗೆ ಸ್ಪೇಸರ್ ಬರ್ತಾವ್ರೀ ಅಮ್ಮಾ, ಇನ್ಹೇಲರ್ ಸಮೇತ. ನಾ ನೋಡ್ಕೋತೀನಿ, ಚಿಂತಿ ಬಿಡ್ರಿ’ ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನಾನೂ ಕೈಮುಗಿದು ಬಂದೆ.

ಆ ಒಂದು ವಾರದ ಮೇಲೆ ಒಂದು ಬೆಳೆ ಕೊಯ್ಲಾಗಿ ಹೋಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಊರು ನಮ್ಮದು. ಭತ್ತ ಕೊಯ್ದ ಮೇಲೆ ಗದ್ದೆಯ ಹುಲ್ಲಿಗೆ ಬೆಂಕಿ ಇಡುತ್ತಾರೆ. ಆ ಹೊಗೆ ಇಳಿದ ರಾತ್ರಿ ಮಗಳಿಗೆ ಉಸಿರು ಕಟ್ಟಿತು. ಮನೆಯಲ್ಲಿದ್ದ ಸ್ಪೇಸರ್‌ನ ವಾಲ್ವ್ ಹರಿದಿತ್ತು, ಊರಿನ ಮೆಡಿಕಲ್ ಅಂಗಡಿಗಳೆಲ್ಲ ಮುಚ್ಚಿದ್ದವು. ಆಸ್ಪತ್ರೆಗೆ ಓಡಿದೆವು. ಅಲ್ಲಿ ನೆಬ್ಯುಲೈಸರ್ ಇತ್ತು, ಇದ್ದ ಮಾಸ್ಕ್ ಮಾತ್ರ ದೊಡ್ಡವರದು. ಡೌನ್ ಸಿಂಡ್ರೋಮ್ ಮಕ್ಕಳ ಮೂಗಿನ ದಿಂಡು ತಗ್ಗಾಗಿರುತ್ತದೆ, ಮುಖ ಸಣ್ಣದು. ಆ ಮಾಸ್ಕ್ ಅವಳ ಹಣೆಯಿಂದ ಗದ್ದದ ಕೆಳಗಿನವರೆಗೆ ಬಂತು. ಔಷಧದ ಹಬೆಯೆಲ್ಲ ಕಣ್ಣಿಗೆ ಹೋಗಿ ಮಗು ಚೀರಿ ಚೀರಿ ಇನ್ನಷ್ಟು ಏದುಸಿರು ಬಿಟ್ಟಿತು. ಪಾಪ, ಸಿಸ್ಟರ್ ತಮ್ಮ ಅಂಗೈಯಿಂದಲೇ ಮಾಸ್ಕಿನ ಸಂದು ಮುಚ್ಚಿ ಹಿಡಿದುಕೊಂಡು ಕೂತಿದ್ದರು. ಅವರ ಮೇಲೆ ನನ್ನ ದೂರಿಲ್ಲ. ಡ್ಯೂಟಿ ಡಾಕ್ಟರು ಫೈಲಿನಲ್ಲಿ ಹೃದಯದ ವಿಷಯ ಓದಿದ ಕೂಡಲೇ, ‘ಇದು ಹಾರ್ಟ್ ಕೇಸ್, ಜಿಲ್ಲೆಗೆ ಒಯ್ಯಿರಿ’ ಎಂದು ಚೀಟಿ ಬರೆದರು. ಹೋಗುವ ಮುಂಚೆ ಸಾಲ್‌ಬುಟಮಾಲ್ ಸಿರಪ್ ಕುಡಿಸಿದರು.

ಹೃದಯ ಸರಿಯಿಲ್ಲದ ಮಗು ಗೊರಗೊರ ಎಂದರೆ ಅದು ಹೃದಯದಿಂದಲೂ ಇರಬಹುದು. ಡಾಕ್ಟರ ಅನುಮಾನ ತಪ್ಪಲ್ಲ. ಆದರೆ ಜಿಲ್ಲೆ ಮುಟ್ಟುವ ತನಕ ಅವಳು ಉಸಿರಾಡಬೇಕಲ್ಲ? ಸಿರಪ್ ಕೆಲಸ ಶುರು ಮಾಡುವುದು ನಿಧಾನ. ಅದು ಮೈಯೆಲ್ಲ ಸುತ್ತಿ ಬರುವುದರಿಂದ ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಅದೇ ಔಷಧವನ್ನು ಸ್ಪೇಸರ್‌ನಲ್ಲಿ ಕೊಟ್ಟರೆ ಅಷ್ಟು ಡೋಸೇ ಬೇಡ, ನಿಮಿಷಗಳಲ್ಲಿ ಶ್ವಾಸನಾಳ ಸಡಿಲಾಗುತ್ತದೆ. ಆಪರೇಷನ್ ಆದ ಎದೆಗೆ ಯಾವುದು ಹಗುರ ಎಂದು ನಾನು ನಿಮಗೆ ಹೇಳಿಕೊಡಬೇಕೆ? ನೀವು ಎಂಬಿಬಿಎಸ್ ಓದಿದವರು. ಮಗಳು ಐಸಿಯು ಕಂಡು ಬಂದಳು.

ಸ್ಪೇಸರ್ ಎಂದರೇನು ಎಂದು ಗೊತ್ತಿಲ್ಲದವರಿಗಾಗಿ ಬರೆಯುತ್ತೇನೆ. ಪ್ಲಾಸ್ಟಿಕ್ಕಿನ ಪುಟ್ಟ ಕೊಳವೆ. ಒಂದು ತುದಿಗೆ ಇನ್ಹೇಲರ್, ಇನ್ನೊಂದು ತುದಿಗೆ ಮಾಸ್ಕ್. ಪಂಪನ್ನು ಅಲುಗಾಡಿಸಿ ಒಮ್ಮೆ ಒತ್ತಿದರೆ ಔಷಧ ಕೊಳವೆಯಲ್ಲಿ ನಿಲ್ಲುತ್ತದೆ. ಮಗು ಐದಾರು ಬಾರಿ ತನ್ನ ಪಾಡಿಗೆ ಉಸಿರಾಡಿದರೆ ಸಾಕು. ಸಾಧಾರಣ ಉಬ್ಬಸಕ್ಕೆ ನೆಬ್ಯುಲೈಸರ್‌ನಷ್ಟೇ ಗುಣ ಕೊಡುತ್ತದೆ, ಕರೆಂಟ್ ಬೇಡ. ಕೇಪ್‌ಟೌನ್‌ನ ವೈದ್ಯರು 500 ಮಿಲಿ ನೀರಿನ ಬಾಟಲಿಗೆ ತೂತು ಕೊರೆದು, ಇನ್ಹೇಲರ್ ಕೂರಿಸಿ ಅಂಟಿಸಿ, ಅದೂ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆ ಎಂದು 1999ರಲ್ಲೇ ತೋರಿಸಿದ್ದಾರೆ. ಬಡ ದೇಶದ ಆಸ್ಪತ್ರೆಗಳಿಗೆ ದುಡ್ಡಿಲ್ಲ ಎಂಬ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಬಾಟಲಿಯ ಬಾಯನ್ನು ತುಟಿಯಿಂದ ಗಟ್ಟಿಯಾಗಿ ಹಿಡಿಯಬಲ್ಲ ಮಕ್ಕಳಿಗೆ ಅದಾಗುತ್ತದೆ. ನನ್ನ ಮಗಳ ತುಟಿಗೆ, ನಾಲಿಗೆಗೆ ಆ ಹಿಡಿತವಿಲ್ಲ. ಅವಳಿಗೆ ಮಾಸ್ಕೇ ಬೇಕು. ನಿಮ್ಮೆದುರು ನಿಂತಾಗ ಇದನ್ನೇ ಹೇಳಿದ್ದೆ. ನೀವು ತಲೆಯಾಡಿಸಿದ್ದಿರಿ.

ನನ್ನ ಮನೆಗೆ ಹೊಸ ಸ್ಪೇಸರ್ ಕೊಂಡಿದ್ದೇನೆ. ನನ್ನ ಗಂಡ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ಹೇಗೋ ಹೊಂದಿಸುತ್ತೇವೆ. ಅದೇ ಮಿಲ್ಲಿನ ಹಮಾಲರ ಮಕ್ಕಳಿಗೂ ದಮ್ಮು ಇದೆ. ಆ ತಾಯಂದಿರು ಪಂಪ್ ಹಚ್ಚಿದರೆ ಚಟ ಬೀಳುತ್ತದೆಂದು ಹೆದರುತ್ತಾರೆ. ಅವರಿಗೆ ಕೂರಿಸಿಕೊಂಡು ಹೇಳುವವರಿಲ್ಲ, ಕೈಗೆ ಕೊಡಲು ಆಸ್ಪತ್ರೆಯಲ್ಲಿ ಪಂಪೂ ಇಲ್ಲ. ಉಬ್ಬಸ ಏರದಂತೆ ದಿನಾ ಬೆಳಿಗ್ಗೆ ಸಂಜೆ ತೆಗೆದುಕೊಳ್ಳುವ ಬುಡೆಸೊನೈಡ್ ಇನ್ಹೇಲರ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದು ಗುರುತಿಸಿ ಚಿಕಿತ್ಸೆ ಕೊಡಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದ ಬಂದ ಹೃದಯದೋಷ ಇದೆ, ಉಬ್ಬಸವೂ ಇದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆಯೂ ಇರುತ್ತದೆ. ಅಂದರೆ ನನ್ನ ಮಗಳು ಯಾರೂ ಊಹಿಸದ ಅಪರೂಪದ ಕೇಸಲ್ಲ. ಆದರೂ ಹೃದಯದವರು ಎದೆ ನೋಡಿ ಕಳಿಸುತ್ತಾರೆ, ಥೈರಾಯ್ಡ್‌ನವರು ರಕ್ತ ನೋಡಿ ಕಳಿಸುತ್ತಾರೆ, ಇಡೀ ಮಗುವನ್ನು ನೋಡುವ ಮಕ್ಕಳ ತಜ್ಞರ ಹುದ್ದೆ ನಮ್ಮ ತಾಲೂಕಿನಲ್ಲಿ ಖಾಲಿ.

ದಾಖಲಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಲ್ಲು ಕಟ್ಟುತ್ತಾರೆ. ದಾಖಲಾಗದಂತೆ ಕಾಯುವ ಇನ್ಹೇಲರ್‌ಗೆ ಅದರಲ್ಲಿ ದುಡ್ಡಿಲ್ಲ. ಇದು ಯಾವ ಊರಿನ ನ್ಯಾಯ? ಮಿಲ್ಲಿನ ಚಿಮಣಿಯಿಂದ ಹೊಟ್ಟಿನ ಬೂದಿ ಬಿದ್ದು ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ಕಪ್ಪಾಗುತ್ತದೆ. ಕೇಳಿದರೆ ಅದು ಬೇರೆ ಇಲಾಖೆ. ಹುಲ್ಲು ಸುಡುವುದು ಇನ್ನೊಂದು ಇಲಾಖೆ. ಮಗುವಿನ ಶ್ವಾಸಕೋಶಕ್ಕೆ ಇಲಾಖೆಗಳು ಗೊತ್ತಿಲ್ಲ ಸ್ವಾಮಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಅದರ 25ನೇ ಕಲಮು ಇಂಥವರಿಗೆ ಹತ್ತಿರದಲ್ಲೇ, ವಿಶೇಷವಾಗಿ ಹಳ್ಳಿಗಾಡಿನಲ್ಲಿ, ಆದಾಯ ನೋಡಿ ಉಚಿತ ಚಿಕಿತ್ಸೆ ಕೊಡಬೇಕು, ಆದ್ಯತೆ ಕೊಡಬೇಕು ಎನ್ನುತ್ತದೆ. ನಾವು ಹತ್ತಿರದ ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಹೊಂದುವ ಮಾಸ್ಕ್ ಕೇಳಿ ‘ವಿಲೇವಾರಿ’ ಆದವರು.

ಯಾರು ವಿಲೇವಾರಿ ಮಾಡಿದರು? ಏನು ನೋಡಿ ಮಾಡಿದರು? ಆಸ್ಪತ್ರೆಯ ಔಷಧ ವಿತರಕರಿಗೆ ಒಂದು ಫೋನ್ ಮಾಡಿದ್ದರೂ ಸ್ಪೇಸರ್ ಬಂದಿಲ್ಲ ಎಂದು ತಿಳಿಯುತ್ತಿತ್ತು. ಕೊಡಲು ಆಗುವುದಿಲ್ಲ ಎಂದು ಬರೆದಿದ್ದರೆ ಹೈಕೋರ್ಟಿಗೋ ಮಂತ್ರಿಗಳ ಮನೆಗೋ ಹೋಗುತ್ತಿದ್ದೆ. ಕೊಡದೆಯೇ ಕೊಟ್ಟಂತೆ ಕಾಗದ ಮುಚ್ಚಿದಿರಿ. ಸಭೆಯಲ್ಲಿ ಮೈಕಿನಲ್ಲಿ ಆಡಿದ ಮಾತನ್ನು ಕಚೇರಿಯಲ್ಲಿ ಸದ್ದಿಲ್ಲದೆ ನುಂಗಿದಿರಿ.

ಬೆಂಗಳೂರಿನ ಮಕ್ಕಳ ಡಾಕ್ಟರು ನನಗೆ ಒಂದೇ ಹಾಳೆ ಬರೆದುಕೊಟ್ಟಿದ್ದಾರೆ: ಉಸಿರು ಚೆನ್ನಾಗಿದ್ದಾಗ ಏನು, ಕೆಮ್ಮು ಏರಿದಾಗ ಎಷ್ಟು ಪಫ್, ಪಕ್ಕೆ ಒಳಗೆ ಸೆಳೆದುಕೊಂಡರೆ ಎಲ್ಲಿಗೆ ಓಡಬೇಕು, ಹೃದಯದ ಕಾರಣ ಏನು ಕೊಡಬಾರದು. ಅಂಥ ಹಾಳೆ ಜಿಲ್ಲೆಯ ಪ್ರತಿ ಉಬ್ಬಸದ ಮಗುವಿನ ಮನೆಯಲ್ಲೂ, ಅದರ ನಕಲು ಆಸ್ಪತ್ರೆಯಲ್ಲೂ ಇರಲಿ. ಎಲ್ಲ ತಾಲೂಕು ಆಸ್ಪತ್ರೆಗಳಲ್ಲಿ, 108ರ ಪ್ರತಿ ಗಾಡಿಯಲ್ಲಿ ಮಕ್ಕಳ ಮಾಸ್ಕ್ ಇರುವ ಸ್ಪೇಸರ್ ಇರಲಿ. ರಾತ್ರಿ ಪಾಳಿಯವರಿಗೆ ಅದನ್ನು ಬಳಸುವುದನ್ನು ಕಲಿಸಿ. ಮಕ್ಕಳ ತಜ್ಞರ ಹುದ್ದೆ ತುಂಬಿಸಿ.

ಮುಂದಿನ ಬೆಳೆ ತೆನೆ ಕಟ್ಟಿದೆ. ಕೊಯ್ಲಾದರೆ ಮತ್ತೆ ಬೆಂಕಿ ಬೀಳುತ್ತದೆ. ಅಷ್ಟರೊಳಗೆ ಸ್ಪೇಸರ್ ಯಾವ ತಾರೀಖಿಗೆ ಬರುತ್ತದೆಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಬಾಯಿಮಾತು ಬೇಡ.

ಇತಿ,
ಒಬ್ಬ ತಾಯಿ